ಬಾಗಿಲ ಮೇಲಿನ ಮಾತು, ಕಾರ್ಡಿನೊಳಗಿನ ಮಾತು



ಕಳೆದ ಬಾರಿ ನಮ್ಮ ಹಳೆಯ ಶಾಲೆಯ ಹುಣಸೆಮರದ ಕುರಿತು ಬರೆದಾಗ, ಮುಂದಿನ ಲೇಖನದಲ್ಲಿ ಶಾಲಾ ತಪಾಸಣೆಯ ಪ್ರಸಂಗಗಳನ್ನು ಹೇಳುವುದಾಗಿ ಮಾತು ಕೊಟ್ಟಿದ್ದೆ. ಆ ಮಾತನ್ನು ಈ ಸಲ ನಡೆಸಲಾಗುತ್ತಿಲ್ಲ, ಕ್ಷಮೆಯಿರಲಿ. ಮಾತು ಕೊಟ್ಟು ನಡೆಸದವರ ವಿಚಾರವಾಗಿಯೇ ಬರೆಯಹೊರಟಿರುವಾಗ ಹೀಗಾಯಿತಲ್ಲ ಎಂದು ನನ್ನ ಶ್ರೀಮತಿ ನಗುತ್ತಿದ್ದಾಳೆ. ನಗಲಿ. ನಾಲ್ಕು ತಿಂಗಳಿನಿಂದ ನಮ್ಮ ಮನೆಯಲ್ಲಿ ನಗುವಿಗೆ ಬೇರೆ ಕಾರಣವೂ ಇರಲಿಲ್ಲ.

ವಿಷಯ ನಮ್ಮ ಮನೆಯ ಫ್ರಿಜ್ಜಿನದು. ನಿಮ್ಮಲ್ಲಿ ಕೆಲವರಿಗೆ ಅರ್ಧ ಕಥೆ ಗೊತ್ತಿದೆ. ದೂರವಾಣಿಯಲ್ಲಿ ಕೇಳಿ, "ಹೋಗಲಿ ಬಿಡಿ ಮೇಷ್ಟ್ರೇ" ಎಂದವರೂ ನೀವೇ. ಆ "ಹೋಗಲಿ ಬಿಡಿ"ಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

2024ರ ಯುಗಾದಿಯ ಸಮಯದಲ್ಲಿ ಪಟ್ಟಣದ ದೊಡ್ಡ ಅಂಗಡಿಯೊಂದರಲ್ಲಿ ₹31,500 ತೆತ್ತು ಎರಡು ಬಾಗಿಲಿನ ಫ್ರಿಜ್ಜೊಂದನ್ನು ಕೊಂಡೆವು. ಮಾರಿದವನು ನನ್ನ ಹಳೆಯ ವಿದ್ಯಾರ್ಥಿಯೇ. ನನ್ನನ್ನು ಕಂಡೊಡನೆ ಕಾಲಿಗೆರಗಿ, ಕುರ್ಚಿ ಹಾಕಿಸಿ, ಚಹಾ ತರಿಸಿದ ಸಜ್ಜನ. ಆತನ ಹೆಸರನ್ನಾಗಲೀ ಅಂಗಡಿಯ, ಕಂಪನಿಯ ಹೆಸರುಗಳನ್ನಾಗಲೀ ಇಲ್ಲಿ ಹೇಳುವುದಿಲ್ಲ. ವ್ಯಾಜ್ಯ ನಡೆಯುತ್ತಿದೆ, ಅಲ್ಲದೆ ಹೆಸರು ಬದಲಾದ ಮಾತ್ರಕ್ಕೆ ಕಥೆ ಬದಲಾಗುವಂಥದೂ ಅಲ್ಲ. ಬಾಗಿಲ ಮೇಲೆ ಅಂಗೈಯಷ್ಟಗಲದ ಎರಡು ಬಣ್ಣದ ಚೀಟಿಗಳು ಅಂಟಿದ್ದವು. ಒಂದರಲ್ಲಿ, ಕಂಪ್ರೆಸರಿಗೆ ಹತ್ತು ವರ್ಷಗಳ ವಾರಂಟಿ ಎಂದಿತ್ತು. ಇನ್ನೊಂದರಲ್ಲಿ, ಸ್ಟೆಬಿಲೈಸರ್ ಇಲ್ಲದೆಯೇ ಕೆಲಸ ಮಾಡುತ್ತದೆ ಎಂದಿತ್ತು. ಎರಡೂ ಇಂಗ್ಲಿಷಿನಲ್ಲಿದ್ದುದರಿಂದ ನನ್ನ ವಿದ್ಯಾರ್ಥಿ ಅಕ್ಕನಿಗಾಗಿ ಕನ್ನಡದಲ್ಲಿ ವಿವರಿಸಿದ: "ಅಮ್ಮಾ, ಇದಕ್ಕೆ ಸ್ಟೆಬಿಲೈಸರ್ ಬೇಕಾಗೋದೇ ಇಲ್ಲ. ನಮ್ಮ ಊರಿನ ಕರೆಂಟಿಗೆ ಹೇಳಿ ಮಾಡಿಸಿದ ಹಾಗಿದೆ." ಹೊರಡುವ ಮುನ್ನ ಇನ್ನೊಂದು ಕಾಗದವನ್ನು ಮುಂದಿಟ್ಟ. ಕಂಪನಿಯ ಒಂದು ವರ್ಷದ ವಾರಂಟಿ ಮುಗಿದ ಮೇಲೆ ಮತ್ತೆರಡು ವರ್ಷ ನಡೆಯುವ 'ಎಕ್ಸ್‌ಟೆಂಡೆಡ್ ವಾರಂಟಿ', ₹2,799. ಅದಕ್ಕೂ ಹಣ ಕೊಟ್ಟೆ. ಯಂತ್ರ ಅಷ್ಟು ಗಟ್ಟಿಯಾಗಿದ್ದರೆ ಇದೇಕೆ ಎಂದು ಕೇಳಬೇಕಿತ್ತು. ಚಹಾ ಕುಡಿದಿದ್ದೆನಲ್ಲ, ಕೇಳಲಿಲ್ಲ.

ಹದಿನಾರು ತಿಂಗಳು ಕಳೆದು, 2025ರ ಆಗಸ್ಟಿನ ಜಡಿಮಳೆಯಲ್ಲಿ ಒಂದು ಬೆಳಗ್ಗೆ ಫ್ರಿಜ್ಜು ತಣ್ಣಗಾಗುವುದನ್ನು ನಿಲ್ಲಿಸಿತು. ಒಳಗಿನ ದೀಪ ಮಾತ್ರ ಉರಿಯುತ್ತಿತ್ತು. ಹಾಲು, ದೋಸೆಹಿಟ್ಟು ಕೆಟ್ಟರೆ ಕೆಟ್ಟಿತು ಎನ್ನಬಹುದು. ಆದರೆ ನಮ್ಮೊಡನಿರುವ ಅಕ್ಕನಿಗೆ ಎಪ್ಪತ್ತೊಂಬತ್ತು ವರ್ಷ, ಇಪ್ಪತ್ತು ವರ್ಷಗಳ ಮಧುಮೇಹ. ತೆರೆಯದ ಇನ್ಸುಲಿನ್ ಸೀಸೆಗಳನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಮೂರು ತಿಂಗಳಿಗಾಗುವಷ್ಟು ತಂದಿಟ್ಟಿದ್ದೆವು. ಅವುಗಳನ್ನು ನೆರೆಮನೆಯ ಫ್ರಿಜ್ಜಿಗೆ ಸಾಗಿಸಿದೆವು. ಬಳಕೆಯಲ್ಲಿದ್ದ ಸೀಸೆಯನ್ನು ಅಕ್ಕ ಒದ್ದೆಬಟ್ಟೆ ಸುತ್ತಿದ ಮಣ್ಣಿನ ಕುಡಿಕೆಯಲ್ಲಿಟ್ಟುಕೊಂಡಳು. ನಲವತ್ತೇಳು ದಿನ ಹೀಗೆ ನಡೆಯಿತು. "ಇನ್ನೊಬ್ಬರ ಮನೆಯ ಫ್ರಿಜ್ಜಿನ ಬಾಗಿಲು ತೆಗೆಯೋದಕ್ಕೆ ಎಷ್ಟು ಸಲ ಹೋಗೋದೋ ತಮ್ಮಾ" ಎಂದು ಅಕ್ಕ ಒಮ್ಮೆ ಅಂದಳು. ಆಮೇಲೆ ಆ ಮಾತೆತ್ತಲಿಲ್ಲ.

ದೂರು ಕೊಟ್ಟ ಆರನೆಯ ದಿನ ಕಂಪನಿಯ ಮೆಕ್ಯಾನಿಕ್ ಬಂದ. ಹಿಂಬದಿಯ ಮುಚ್ಚಳ ಬಿಚ್ಚಿ, ನೋಡಿ, ಹೇಳಿದ: "ಕಂಪ್ರೆಸರ್ ಚೆನ್ನಾಗಿದೆ ಸಾರ್. ಬೋರ್ಡ್ ಹೋಗಿದೆ." ಕಂಪ್ರೆಸರಿಗೆ ಹತ್ತು ವರ್ಷ. ಅದನ್ನು ಓಡಿಸುವ ಬೋರ್ಡಿಗೆ ಒಂದೇ ವರ್ಷ. ಬೋರ್ಡಿಲ್ಲದೆ ಈ ಕಂಪ್ರೆಸರ್ ಅಲುಗುವುದೂ ಇಲ್ಲ. ಎತ್ತಿಗೆ ಹತ್ತು ವರ್ಷದ ಭರವಸೆ, ಅದರ ನಾಲ್ಕು ಕಾಲಿಗೆ ಒಂದು ವರ್ಷದ್ದು! ಇರಲಿ, ಬೋರ್ಡಿಗೆ ಎಕ್ಸ್‌ಟೆಂಡೆಡ್ ವಾರಂಟಿ ಇದೆಯಲ್ಲ ಎಂದೆ. ಆತ ಜಾಬ್ ಶೀಟಿನಲ್ಲಿ ಒಂದು ಸಾಲು ಬರೆದು ಕೊಟ್ಟು ಹೋದ. ಓದಿದೆ: 'ವೋಲ್ಟೇಜ್ ಏರುಪೇರಿನಿಂದ ಬೋರ್ಡಿಗೆ ಹಾನಿ.' ಅವನ ಚೀಲದಿಂದ ಮೀಟರೊಂದು ಹೊರಬಂದದ್ದನ್ನು ನಾನು ಕಾಣಲಿಲ್ಲ. ಅಳೆಯದೆ ಉತ್ತರ ಬರೆದವನಿಗೆ ನನ್ನ ತರಗತಿಯಲ್ಲಿ ಸೊನ್ನೆ ಸಿಗುತ್ತಿತ್ತು. ಇಲ್ಲಿ ಆ ಒಂದು ಸಾಲಿನಿಂದಲೇ ಎಲ್ಲವೂ ತೀರ್ಮಾನವಾಯಿತು. ಎಕ್ಸ್‌ಟೆಂಡೆಡ್ ವಾರಂಟಿಯವರು ಜಾಬ್ ಶೀಟನ್ನು ಓದಿ, ವೋಲ್ಟೇಜಿನ ಹಾನಿ ತಮ್ಮ ಹೊಣೆಯಲ್ಲವೆಂದರು. ಕಂಪನಿಯವರು, ವರ್ಷ ಮುಗಿದಿರುವುದರಿಂದ ಅವರನ್ನೇ ಕೇಳಿ ಎಂದರು. ಅಂಗಡಿಯವರು ಮಾರಿದ್ದಷ್ಟೇ ನಾವು, ಮಿಕ್ಕಿದ್ದು ಅವರಿಬ್ಬರದು ಎಂದರು. ಎತ್ತು ಏರಿಗೆ, ಕೋಣ ನೀರಿಗೆ. ಹೊಸ ಬೋರ್ಡಿಗೆ ₹6,800 ಆಗುತ್ತದೆಂದು ಮೂವರೂ ಒಕ್ಕೊರಲಿನಿಂದ ಹೇಳಿದ್ದೊಂದೇ ಅವರ ನಡುವಣ ಸಹಮತ.

ಈ 'ವೋಲ್ಟೇಜ್' ಎಂಬ ಪದದ ಮೇಲೆ ನನಗಿರುವಷ್ಟು ಸಿಟ್ಟು ಬೇರಾವ ಪದದ ಮೇಲೂ ಇಲ್ಲ. ಮಲೆನಾಡಿನ ಅಂಚಿನ ಊರು ನಮ್ಮದು. ಮಳೆಗಾಲದಲ್ಲಿ ತಂತಿಯ ಮೇಲೆ ಕೊಂಬೆ ಬೀಳುತ್ತದೆ, ಸಂಜೆ ಪಂಪ್‌ಸೆಟ್ಟುಗಳು ಶುರುವಾದರೆ ಬಲ್ಬು ಕೆಂಪಗಾಗುತ್ತದೆ. ಇದು ನನಗೆ ಗೊತ್ತು, ಅಂಗಡಿಯವನಿಗೆ ಗೊತ್ತು, ಕಂಪನಿಗಂತೂ ಚೆನ್ನಾಗಿ ಗೊತ್ತು. ಗೊತ್ತಿದ್ದರಿಂದಲೇ ತಾನೇ 'ಸ್ಟೆಬಿಲೈಸರ್ ಬೇಡ' ಎಂಬ ಚೀಟಿ ಅಂಟಿಸಿ ಮಾರುವುದು? ಆಗುಂಬೆಯಲ್ಲಿ ಕೊಡೆ ಮಾರಿ, ನೆನೆದರೆ ನಮ್ಮ ಹೊಣೆಯಲ್ಲ ಎಂದು ಹಿಡಿಯ ಒಳಭಾಗದಲ್ಲಿ ಸಣ್ಣಕ್ಷರದಲ್ಲಿ ಅಚ್ಚು ಹಾಕಿದಂತಾಯಿತು. ಮಾರುವಾಗ ವೋಲ್ಟೇಜನ್ನು ಗೆದ್ದ ಯಂತ್ರ, ಕೆಟ್ಟಾಗ ವೋಲ್ಟೇಜಿನಿಂದ ಸತ್ತ ಯಂತ್ರ!

ಆಮೇಲೆ ಓಟಿಪಿಯ ಪ್ರಸಂಗ. ಒಟ್ಟು ಐದು ಸಲ ದೂರು ದಾಖಲಿಸಿದೆ. ಮೂರು ಸಲ ಮನೆಗೆ ಬಂದವರು ಏನನ್ನೂ ರಿಪೇರಿ ಮಾಡದೆ ಹೊರಡುವಾಗ, "ಸಾರ್, ಮೊಬೈಲಿಗೆ ಒಂದು ಓಟಿಪಿ ಬಂದಿರುತ್ತೆ, ಹೇಳಿಬಿಡಿ" ಎಂದು ಕೇಳಿದರು. ಮೊದಲ ಸಲ ಹೇಳಿಬಿಟ್ಟೆ. ಅರ್ಧ ಗಂಟೆಯೊಳಗೆ ಸಂದೇಶ ಬಂತು: ನಿಮ್ಮ ದೂರು ತೃಪ್ತಿಕರವಾಗಿ ಇತ್ಯರ್ಥವಾಗಿದೆ, ಸೇವೆಗೆ ಅಂಕ ನೀಡಿ! ಮೂವತ್ತಾರು ವರ್ಷ ಮಕ್ಕಳ ಪ್ರಗತಿಪತ್ರಗಳಿಗೆ ರುಜು ಹಾಕಿದವನು ನಾನು. ಓದದೆ ಒಂದಕ್ಕೂ ಹಾಕಲಿಲ್ಲ. ತಂದೆಯ ರುಜುವನ್ನು ತಾವೇ ಹಾಕಿಕೊಂಡು ಬಂದವರನ್ನು (ನೀವು ಯಾರೆಂದು ನಿಮಗೇ ಗೊತ್ತು) ಹಿಡಿದು ನಿಲ್ಲಿಸಿದ್ದೇನೆ. ಅಂಥ ನಾನೇ ಆರು ಅಂಕೆಗಳನ್ನು ಬಾಯಿಮಾತಿನಲ್ಲಿ ಹೇಳಿ, ಕೆಟ್ಟ ಯಂತ್ರದ ಮುಂದೆ ನಿಂತು, ತೃಪ್ತನಾಗಿದ್ದೇನೆಂದು ರುಜು ಮಾಡಿಕೊಟ್ಟಿದ್ದೆ. ಓಟಿಪಿ ಎಂದರೆ ರುಜು. ಕೆಲಸ ಮುಗಿಯದೆ ಅದನ್ನು ಯಾರಿಗೂ ಹೇಳಬೇಡಿ. ಎರಡನೆಯ ಸಲ ಹೇಳುವುದಿಲ್ಲವೆಂದೆ. ಪಾಪ, ಆ ಹುಡುಗನ ಮುಖ ಸಪ್ಪಗಾಯಿತು. ದೂರು ಮುಚ್ಚದಿದ್ದರೆ ಆ ದಿನದ ಭೇಟಿಯ ಹಣವೇ ತನಗೆ ಸಿಗದೆಂದ. ಹಾಗಿದ್ದರೆ ಅವನನ್ನೂ ನನ್ನನ್ನೂ ಜಗಳಕ್ಕೆ ನಿಲ್ಲಿಸಿ ದೂರದಲ್ಲಿ ಕುಳಿತಿರುವವರು ಬೇರೆ ಇದ್ದಾರೆ.

ಈ ನಡುವೆ ನಾನು ಕಾನೂನಿನ ಪುಸ್ತಕಗಳನ್ನು ತರಿಸಿಕೊಂಡು ಓದಿದೆ. ನಿವೃತ್ತನಿಗೆ ಬೇರೇನು ಕೆಲಸ? ಮೊದಲು 'ವಾರಂಟಿ' ಎಂಬ ಪದವನ್ನೇ ಹಿಡಿದೆ. 1930ರ ಸರಕು ಮಾರಾಟ ಅಧಿನಿಯಮದ 12ನೆಯ ಸೆಕ್ಷನ್ ಮಾರಾಟದ ಮಾತುಗಳನ್ನು ಎರಡಾಗಿ ವಿಂಗಡಿಸುತ್ತದೆ. ಒಪ್ಪಂದದ ಜೀವಾಳವಾದ ಮಾತು ಷರತ್ತು. ಅದಕ್ಕೆ ಪೂರಕವಾದ ಮಾತು ವಾರಂಟಿ. ಷರತ್ತು ಮುರಿದರೆ ಕೊಂಡವನು ಸರಕನ್ನೇ ತಿರಸ್ಕರಿಸಬಹುದು. ವಾರಂಟಿ ಮುರಿದರೆ ನಷ್ಟ ಕೇಳಬಹುದಷ್ಟೇ. ಅಂದರೆ ಕಾನೂನಿನ ಭಾಷೆಯಲ್ಲಿ ವಾರಂಟಿ ಎಂಬುದು ಎರಡು ಭರವಸೆಗಳ ಪೈಕಿ ಕಿರಿಯದು. ನಾವು ಅದನ್ನು ಮಂತ್ರಾಕ್ಷತೆಯಂತೆ ತಂದು ಬೀರುವಿನಲ್ಲಿಟ್ಟುಕೊಳ್ಳುತ್ತೇವೆ. ಗ್ಯಾರಂಟಿಯೆಂದರೆ ಬದಲಿ ಕೊಡುವುದು, ವಾರಂಟಿಯೆಂದರೆ ರಿಪೇರಿ ಮಾಡಿಕೊಡುವುದು ಎಂಬ ಪೇಟೆಯ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ. 1872ರ ಕರಾರು ಅಧಿನಿಯಮದಲ್ಲಿ ಗ್ಯಾರಂಟಿಯೆಂದರೆ ಇನ್ನೊಬ್ಬನ ಹೊಣೆಗೆ ಜಾಮೀನು ನಿಲ್ಲುವುದು.

ಆದರೆ ನನ್ನ ಕಣ್ಣು ತೆರೆಸಿದ್ದು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ. ಹಳೆಯ 1986ರ ಅಧಿನಿಯಮದ ಜಾಗಕ್ಕೆ ಬಂದ ಇದು 2020ರ ಜುಲೈಯಲ್ಲಿ ಜಾರಿಯಾಯಿತು. ಸರಕಿನ 'ದೋಷ' ಎಂದರೇನೆಂದು ಅದು ಹೇಳುವ ವಾಕ್ಯವನ್ನು ನಾನು ಮೂರು ಬಾರಿ ಓದಿದೆ. ಕಾನೂನು ವಿಧಿಸಿದ ಮಟ್ಟಕ್ಕಿಂತ ಕಡಿಮೆಯಾದರೆ ದೋಷ. ಒಪ್ಪಂದದಲ್ಲಿ ಬಾಯಿಬಿಟ್ಟು ಹೇಳಿದ್ದಕ್ಕಿಂತ ಅಥವಾ ಹೇಳದೆಯೂ ಅಡಕವಾಗಿರುವುದಕ್ಕಿಂತ ಕಡಿಮೆಯಾದರೆ ದೋಷ. ಇದರೊಂದಿಗೆ, ವ್ಯಾಪಾರಿಯು ಆ ಸರಕಿನ ಬಗೆಗೆ ಯಾವ ರೀತಿಯಲ್ಲಾದರೂ ಸಾರಿಕೊಂಡದ್ದಕ್ಕಿಂತ ಕಡಿಮೆಯಾದರೂ ದೋಷವೇ. ಯಾವ ರೀತಿಯಲ್ಲಾದರೂ! ಬಾಗಿಲ ಮೇಲಿನ ಬಣ್ಣದ ಚೀಟಿ ಸಾರಿಕೊಂಡದ್ದಲ್ಲವೇ? ಸ್ಟೆಬಿಲೈಸರ್ ಬೇಡವೆಂದು ಅಕ್ಕನಿಗೆ ಹೇಳಿದ ಮಾತು ಸಾರಿಕೊಂಡದ್ದಲ್ಲವೇ? ಹಾಗಿದ್ದ ಮೇಲೆ ವೋಲ್ಟೇಜಿನಿಂದ ಬೋರ್ಡು ಸುಟ್ಟಿತೆಂದು ಜಾಬ್ ಶೀಟಿನಲ್ಲಿ ಬರೆದದ್ದು ಕಂಪನಿಯ ರಕ್ಷಣೆಗೆ ಬರುವುದಿಲ್ಲ. ಅದು ಕಂಪನಿಯ ತಪ್ಪೊಪ್ಪಿಗೆ. ತಾಳಿಕೊಳ್ಳುತ್ತದೆಂದು ಹೇಳಿ ಮಾರಿದ್ದನ್ನು ಅದು ತಾಳಿಕೊಳ್ಳಲಿಲ್ಲವೆಂದು ಅವರ ಮನುಷ್ಯನೇ ಬರೆದುಕೊಟ್ಟಿದ್ದಾನೆ. ನನ್ನ ಇಡೀ ವಾದ ಇಷ್ಟೇ.

ಅದೇ ಅಧಿನಿಯಮದಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳ ದೊಡ್ಡ ಪಟ್ಟಿಯಿದೆ. ನಡೆಸಿಕೊಡುವ ಸಂಭವವೇ ಇಲ್ಲದ ವಾರಂಟಿಯನ್ನು, ರಿಪೇರಿಯ ಭರವಸೆಯನ್ನು ಸಾರುವುದು ಅದರಲ್ಲಿ ಒಂದು. ಬಿಲ್ಲು ಕೊಡದಿರುವುದು ಇನ್ನೊಂದು. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ ಮೂವತ್ತು ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ಒಪ್ಪದಿರುವುದು ಮತ್ತೊಂದು. 'ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ' ಎಂದು ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕುವ ಹಲಗೆಯನ್ನು ನಾವು ದೇವರ ಪಟದಷ್ಟೇ ಭಕ್ತಿಯಿಂದ ನೋಡಿ ಬರುತ್ತೇವಲ್ಲ, ಕೆಟ್ಟ ಸರಕಿನ ಮಟ್ಟಿಗೆ ಆ ಹಲಗೆಗೆ ಕವಡೆಯ ಕಿಮ್ಮತ್ತಿಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಲಾರೆ. 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ರಿಪೇರಿಯ ಹಕ್ಕಿಗೆಂದೇ ಒಂದು ಜಾಲತಾಣ ತೆರೆಯಿತು. 2024ರ ಆಗಸ್ಟಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು, ವಾರಂಟಿಯ ಅವಧಿಯನ್ನು ಯಂತ್ರ ಕೊಂಡ ದಿನದಿಂದ ಎಣಿಸದೆ ಮನೆಯಲ್ಲಿ ಜೋಡಿಸಿದ ದಿನದಿಂದ ಎಣಿಸಬೇಕೆಂದು ತಯಾರಕರನ್ನು ಕೇಳಿಕೊಂಡಿತು. ಕೇಳಿಕೊಂಡಿತು ಎಂಬ ಕ್ರಿಯಾಪದವನ್ನು ಗಮನಿಸಿ. ನಾವು ತೆರಿಗೆ ಕಟ್ಟುವುದು ತಡವಾದರೆ ಸರ್ಕಾರ ಈ ಕ್ರಿಯಾಪದವನ್ನು ಬಳಸುವುದಿಲ್ಲ.

ಈಗ ನಿಮ್ಮ 'ಹೋಗಲಿ ಬಿಡಿ'ಗೆ ಬರುತ್ತೇನೆ. ಬೆಂಗಳೂರಿನಲ್ಲಿರುವ ನನ್ನ ಮಗ, "ಅಪ್ಪಾ, ಆರೋಗ್ಯ ನೋಡಿಕೊಳ್ಳಿ, ಹೊಸದು ಬುಕ್ ಮಾಡಿಬಿಡ್ತೀನಿ, ನಾಳೆ ಬರುತ್ತೆ" ಎಂದ. ತಂಗಿಯ ಮಗ, "ಮಾವ, ನಿಮ್ಮ ಒಂದು ದಿನದ ನೆಮ್ಮದಿಗೆ ಆರು ಸಾವಿರ ದೊಡ್ಡದಾ?" ಎಂದ. ಪ್ರೀತಿಯಿಂದಲೇ ಹೇಳಿದರು, ಬಲ್ಲೆ. ಹೊಸದನ್ನು ಕೊಂಡದ್ದೂ ಆಯಿತು. ನಲವತ್ತೆಂಟನೆಯ ದಿನ ಅಕ್ಕನ ಇನ್ಸುಲಿನ್ ನಮ್ಮ ಮನೆಗೆ ಮರಳಿತು. ಆದರೆ ಮಕ್ಕಳೇ, ನಿಮ್ಮ ಆ ಪ್ರೀತಿಯನ್ನೇ ಇವರು ಲೆಕ್ಕ ಹಾಕಿಟ್ಟುಕೊಂಡಿದ್ದಾರೆ. ನೂರು ಮಂದಿಯ ಬೋರ್ಡು ಕೆಟ್ಟರೆ ಎಷ್ಟು ಮಂದಿ ದಣಿದು ಕೈಚೆಲ್ಲುತ್ತಾರೆ, ಎಷ್ಟು ಮಂದಿಗೆ ಮಗನೋ ಮಗಳೋ ಹಣ ಕಳಿಸುತ್ತಾರೆ ಎಂಬುದರ ಮೇಲೆ ಈ ವ್ಯಾಪಾರ ನಿಂತಿದೆ. ನೀವು ಹೊಸದನ್ನು ಕಳಿಸಿದಾಗಲೆಲ್ಲ ಹಳೆಯದರ ಸಾಲ ವಜಾ ಆಗುತ್ತದೆ.

ಹಣ ಕಳಿಸುವ ಮಗನಿಲ್ಲದವರ ಗತಿಯೇನು? ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು 2023ರಲ್ಲಿ ಕಂತಿನ ಮೇಲೆ ಒಂದು ಮಿಕ್ಸಿ ಕೊಂಡಿದ್ದಳು. ಮೋಟಾರಿಗೆ ಎರಡು ವರ್ಷ ವಾರಂಟಿ. ಎರಡೇ ತಿಂಗಳಿಗೆ ಮೋಟಾರು ಸುಟ್ಟಿತು. ಅಂಗಡಿಗೆ ಹೊತ್ತುಕೊಂಡು ಹೋದರೆ, "ನೀನು ಇಡ್ಲಿಹಿಟ್ಟು ರುಬ್ಬಿದ್ದೀಯಾ, ಓವರ್‌ಲೋಡ್ ಆಗಿದೆ, ವಾರಂಟಿ ಇಲ್ಲ" ಎಂದರಂತೆ. ಮಿಕ್ಸಿಯಲ್ಲಿ ಹಿಟ್ಟು ರುಬ್ಬದೆ ಮತ್ತೇನು ರುಬ್ಬಬೇಕಿತ್ತೋ! ಅವಳು ಕಾರ್ಡನ್ನು ನನ್ನ ಬಳಿ ತಂದಳು. ಸಾಸಿವೆಯಂಥ ಅಕ್ಷರ, ಪೂರ್ತಿ ಇಂಗ್ಲಿಷು. ಬಿಲ್ಲೆಂದು ಇಟ್ಟುಕೊಂಡಿದ್ದ ಚೀಟಿ ಬಿಲ್ಲೇ ಆಗಿರಲಿಲ್ಲ, ಅಂಗಡಿಯ ಹೆಸರೂ ಇಲ್ಲದ ಅಂದಾಜುಪಟ್ಟಿ. ಯಂತ್ರ ಮೂಲೆಯಲ್ಲಿ ಕುಳಿತಿತ್ತು. ತಿಂಗಳು ತಿಂಗಳೂ ಕಂತು ಮಾತ್ರ ತಪ್ಪದೆ ಹೋಗುತ್ತಿತ್ತು. ಕಂತಿಗೆ ವಾರಂಟಿಯ ಷರತ್ತುಗಳಿರುವುದಿಲ್ಲ ನೋಡಿ.

ಅವಳ ಪರವಾಗಿ ಕನ್ನಡದಲ್ಲಿ ಒಂದೂವರೆ ಪುಟದ ಪತ್ರ ಬರೆದು, ಅವಳ ರುಜು ಹಾಕಿಸಿ, ಸ್ಪೀಡ್ ಪೋಸ್ಟಿನಲ್ಲಿ ಅಂಗಡಿಗೂ ಕಂಪನಿಗೂ ಕಳಿಸಿದೆ. ಕಾನೂನಿನ ಹೆಸರು, ಕೊಂಡ ದಿನ, ಕೆಟ್ಟ ದಿನ, ಕಂತಿನ ರಸೀದಿಗಳು, ಹದಿನೈದು ದಿನಗಳ ಗಡುವು. ಅಷ್ಟೇ. ಒಂಬತ್ತನೆಯ ದಿನ ಹೊಸ ಮಿಕ್ಸಿ ಅವಳ ಮನೆ ಬಾಗಿಲಿಗೆ ಬಂತು. ಪತ್ರಕ್ಕೆ ಮುನ್ನ ಓವರ್‌ಲೋಡ್ ಆಗಿದ್ದ ಮೋಟಾರು ಪತ್ರದ ಅನಂತರ ಹೇಗೆ ನಿರ್ದೋಷಿಯಾಯಿತು? ಇದನ್ನು ಕಂಡ ನಾನು ನನ್ನ ಸರದಿ ಬಂದಾಗ 'ಹೋಗಲಿ ಬಿಡಿ' ಎನ್ನುವುದು ಹೇಗೆ? ಅವಳೇ ಒಂದು ದಿನ ಪಾತ್ರೆ ತೊಳೆಯುತ್ತಾ ಕೇಳಿದಳು: "ನಂದಕ್ಕೆ ಕಾಗದ ಬರೆದ್ರಿ ಅಯ್ಯಾ, ನಿಮ್ದಕ್ಕೆ ಬರೆಯಲ್ವಾ?"

ಬರೆದೆ. ಮೂವರಿಗೂ ನೋಟಿಸು ಕಳಿಸಿದೆ. ಕಂಪನಿಯಿಂದ ಒಬ್ಬ ಅಧಿಕಾರಿ ದೂರವಾಣಿ ಮಾಡಿ, ಬೋರ್ಡನ್ನು 'ಸೌಜನ್ಯಕ್ಕಾಗಿ' ಅರ್ಧ ಬೆಲೆಗೆ ಹಾಕಿಕೊಡುತ್ತೇವೆ, ಯಾವ ತಕರಾರೂ ಇಲ್ಲವೆಂದು ಬರೆದುಕೊಡಿ ಎಂದರು. ಸೌಜನ್ಯವೆಂಬ ಪದ ನನ್ನನ್ನು ಚುಚ್ಚಿತು. ಕೊಟ್ಟ ಸಾಲ ಕೇಳಲು ಹೋದವನಿಗೆ ಭಿಕ್ಷೆ ನೀಡಿದಂತಿತ್ತು. ಒಪ್ಪಲಿಲ್ಲ. 2025ರ ನವೆಂಬರಿನಲ್ಲಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸಿದೆ. ಫ್ರಿಜ್ಜಿನ ಬೆಲೆ, ಎಕ್ಸ್‌ಟೆಂಡೆಡ್ ವಾರಂಟಿಗೆ ತೆತ್ತ ಹಣ, ನಲವತ್ತೇಳು ದಿನಗಳ ಬವಣೆಗೆ ಪರಿಹಾರ, ಇವಿಷ್ಟನ್ನು ಕೇಳಿದ್ದೇನೆ.

ಕಷ್ಟಗಳನ್ನೂ ಮರೆಮಾಚಬಾರದು. ಪರೀಕ್ಷೆ ಬೇಕಿಲ್ಲದ ದೂರನ್ನು ಎದುರುಪಕ್ಷಕ್ಕೆ ನೋಟಿಸು ತಲುಪಿದ ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದದ್ದನ್ನು ಐದು ತಿಂಗಳಲ್ಲಿ ಆದಷ್ಟೂ ಮುಗಿಸಬೇಕೆಂದು ಅಧಿನಿಯಮ ಹೇಳುತ್ತದೆ. ಆಯೋಗದ ಮೊಗಸಾಲೆಯಲ್ಲಿ ಕುಳಿತವರ ಮುಖ ನೋಡಿದರೆ ಅದು ಪುಸ್ತಕದ ಲೆಕ್ಕವೆಂದು ತಿಳಿಯುತ್ತದೆ. ಪರೀಕ್ಷೆಗೆ ಕಳಿಸಿದರೆ ಅದರ ಶುಲ್ಕವನ್ನು ಮೊದಲು ದೂರುದಾರನೇ ಕಟ್ಟಬೇಕಾಗುತ್ತದೆ. ದೋಷವನ್ನು ತೋರಿಸಿಕೊಡುವ ಭಾರವೂ ಅವನದೇ. ಗೆಲ್ಲುತ್ತೇನೆಂಬ ಖಾತರಿ ನನಗಿಲ್ಲ (ವಾರಂಟಿಯಂತೂ ಬೇಡವೇ ಬೇಡ).

ಆದರೆ ಬಾಗಿಲು ನೀವು ತಿಳಿದಷ್ಟು ಭಾರವಾಗಿಲ್ಲ. ಐದು ಲಕ್ಷ ರೂಪಾಯಿವರೆಗೆ ಬೆಲೆ ತೆತ್ತ ಸರಕಿನ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ನಾನು ಇಟ್ಟುಕೊಂಡಿಲ್ಲ. ಕಂಪನಿ ದೆಹಲಿಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇದು 2019ರ ಅಧಿನಿಯಮ ಕೊಟ್ಟ ಹೊಸ ಅನುಕೂಲ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಕೊಡಬೇಕು, ಅದನ್ನು ಮಾತ್ರ ಮರೆಯಬೇಡಿ. ದೂರದೂರಿನಲ್ಲಿರುವವರು ಅಂತರಜಾಲದಲ್ಲಿಯೇ ಸಲ್ಲಿಸಬಹುದು. 2020ರಲ್ಲಿ ಇ-ದಾಖಿಲ್ ಎಂಬ ಹೆಸರಿನಲ್ಲಿ ಶುರುವಾದ ಈ ಏರ್ಪಾಡು 2025ರಿಂದ ಇ-ಜಾಗೃತಿಯಾಗಿದೆ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲೇ ಹೇಳಿಕೊಳ್ಳಬಹುದು. ಕೆಲವು ವ್ಯಾಜ್ಯಗಳು ಅಲ್ಲಿಯೇ ಬಗೆಹರಿಯುತ್ತವೆ.

ಬಿಲ್ಲಿನ ವಿಷಯ ಹೇಳುವುದನ್ನೇ ಮರೆತಿದ್ದೆ. ಈಗಿನ ನುಣುಪು ಕಾಗದದ ಬಿಲ್ಲುಗಳ ಅಕ್ಷರ ವರ್ಷದೊಳಗೆ ಮಾಸಿ ಮಾಯವಾಗುತ್ತದೆ. ನನ್ನದು ಅರ್ಧ ಅಳಿಸಿತ್ತು. ಕೊಂಡ ದಿನವೇ ಜೆರಾಕ್ಸ್ ಮಾಡಿಸಿಡಿ. ಬಾಗಿಲ ಮೇಲಿನ ಬಣ್ಣದ ಚೀಟಿಯನ್ನು ಕಿತ್ತೆಸೆಯುವ ಮುನ್ನ ಅದರ ಫೋಟೋ ತೆಗೆದಿಡಿ. ನನ್ನ ಶ್ರೀಮತಿ ಬಾಗಿಲು ಅಂದವಾಗಿ ಕಾಣಲೆಂದು ಮೊದಲ ಚೀಟಿಯನ್ನು ಆಗಲೇ ಕಿತ್ತಿದ್ದಳು. 'ಸ್ಟೆಬಿಲೈಸರ್ ಬೇಡ' ಎಂಬುದರ ಅಂಟು ಗಟ್ಟಿಯಿದ್ದುದರಿಂದ ಉಳಿಯಿತು. ಅದರ ಚಿತ್ರವೇ ಈಗ ನನ್ನ ಮೊದಲನೆಯ ದಾಖಲೆ.

ಅಂಗಡಿಯ ನನ್ನ ವಿದ್ಯಾರ್ಥಿ ಕಳೆದ ವಾರ ಮನೆಗೆ ಬಂದಿದ್ದ. ಮೂವರು ಎದುರುಪಕ್ಷದವರಲ್ಲಿ ಅವನ ಅಂಗಡಿಯೂ ಒಂದಾದ್ದರಿಂದ ನನ್ನ ಮುಖ ನೋಡಲು ಅಂಜುತ್ತಿದ್ದ. ಎಕ್ಸ್‌ಟೆಂಡೆಡ್ ವಾರಂಟಿಗಳನ್ನು ತಿಂಗಳಿಗೆ ಇಂತಿಷ್ಟು ಮಾರಲೇಬೇಕೆಂದು ತನಗೆ ಗುರಿ ಕೊಟ್ಟಿರುತ್ತಾರೆ, ಅದರೊಳಗಿನ ಷರತ್ತುಗಳನ್ನು ತಾನೂ ಎಂದೂ ಓದಿರಲಿಲ್ಲ ಎಂದ. ಅಂದು ಅಕ್ಕನಿಗೆ ಹೇಳಿದ ಮಾತನ್ನು ಆಯೋಗದ ಮುಂದೆ ಹೇಳುತ್ತೀಯಾ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಕೆಲಸ ಹೋಗುತ್ತೆ ಸಾರ್" ಎಂದ. ನಾನು ಒತ್ತಾಯಿಸಲಿಲ್ಲ. ಶ್ರೀಮತಿ ಚಹಾ ತಂದಳು, ಕುಡಿದು ಹೋದ.

ಮುಂದಿನ ವಿಚಾರಣೆ ಬರುವ ತಿಂಗಳು. ಹಳೆಯ ಫ್ರಿಜ್ಜು ಸಾಕ್ಷಿಯಾಗಿ ಹಿತ್ತಲ ಕೋಣೆಯಲ್ಲಿ ನಿಂತಿದೆ. ಅದರ ಬೀಗದ ಕೈ ನನ್ನ ಬಳಿಯೇ ಇದೆ. ಮಿಕ್ಸಿಯ ಪತ್ರ, ನನ್ನ ನೋಟಿಸು, ಆಯೋಗಕ್ಕೆ ಕೊಟ್ಟ ದೂರು, ಮೂರರ ಪ್ರತಿಗಳನ್ನೂ ತೆಗೆಸಿಟ್ಟಿದ್ದೇನೆ. ಬೇಕಾದವರು ಬರೆದು ಕೇಳಿ, ಕಳಿಸಿಕೊಡುತ್ತೇನೆ. ಹೆಸರು, ತಾರೀಖು, ಬೆಲೆ ಬದಲಾಯಿಸಿಕೊಂಡರೆ ಸಾಕು. ಕಾಗುಣಿತವನ್ನು ಮಾತ್ರ ಬದಲಾಯಿಸಬೇಡಿ.